ಕಾಳಿ, ಅಘನಾಶಿನಿ ಹೊಳೆಯಲ್ಲಿ ಬಿಲ್ಲು ಬಾಣದಿಂದ ಮೀನು ಹೊಡೆಯಬಹುದಾ?

ನೀವು ಕೇಳಿದ್ದು ಇಷ್ಟು. ನಿಮ್ಮ ಹತ್ತಿರ ಒಳ್ಳೆಯ ಕಾಂಪೌಂಡ್ ಬಿಲ್ಲು ಇದೆ, ಅಮೆರಿಕದವರು ದೋಣಿ ಮೇಲೆ ನಿಂತು ಬಾಣ ಬಿಟ್ಟು ಮೀನು ಹೊಡೆಯುವ ವಿಡಿಯೋ ನೋಡಿದ್ದೀರಿ, ಮಳೆಗಾಲ ಶುರುವಾದಾಗ ಶಿರಸಿ, ಕಾರವಾರ ಕಡೆ ಬರುತ್ತಿದ್ದೀರಿ, ಹೊಳೆ ಸರ್ಕಾರದ್ದೇ ಆದ್ದರಿಂದ ಯಾರು ಬೇಕಾದರೂ ಹಿಡಿಯಬಹುದಲ್ವಾ ಅಂತ. ನಾನು ಅಘನಾಶಿನಿ ದಂಡೆಯ ಊರಿನವನು. ಗಾಳ, ಬೀಸುಬಲೆ ಎರಡೂ ಚಿಕ್ಕಂದಿನಿಂದ ಕೈಗೆ ಬಂದಿವೆ. ನೇರವಾಗಿಯೇ ಹೇಳುತ್ತೇನೆ, ಬಿಲ್ಲು ಮನೆಯಲ್ಲೇ ಇರಲಿ.

ಮೊದಲು ಕಾಳಿ ನದಿಯ ಮಾತು. ಅದರ ದೊಡ್ಡ ಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಮತ್ತು ಅಂಚಿನಲ್ಲಿ ಹರಿಯುತ್ತದೆ. ಅಣಶಿ ರಾಷ್ಟ್ರೀಯ ಉದ್ಯಾನ, ದಾಂಡೇಲಿ ಅಭಯಾರಣ್ಯ ಎರಡೂ ಸೇರಿ 2007ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶ ಆಯಿತು, 2015ರಲ್ಲಿ ಕಾಳಿ ಅಂತ ಹೆಸರು ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಯುಧ ಅಂದರೆ ಬರೀ ಬಂದೂಕು ಅಲ್ಲ. ಬಿಲ್ಲು, ಬಾಣ, ಗಾಳದ ಕೊಕ್ಕೆ, ಬಲೆ, ವಿಷ, ಉರುಳು ಎಲ್ಲವನ್ನೂ ಹೆಸರು ಹಿಡಿದು ಬರೆದಿದ್ದಾರೆ. ಅಭಯಾರಣ್ಯದ ಒಳಗೆ ಇವುಗಳಲ್ಲಿ ಯಾವುದನ್ನಾದರೂ ಹಿಡಿದು ಹೋಗಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ನೇಮಿಸಿದ ಅಧಿಕಾರಿಯ ಲಿಖಿತ ಅನುಮತಿ ಬೇಕು. ಅಂದರೆ ಒಂದು ಬಾಣವನ್ನೂ ಬಿಡದೆ, ಸುಮ್ನೆ ಬಿಲ್ಲು ಹಿಡಿದು ಒಳಗೆ ಕಾಲಿಟ್ಟರೂ ತಪ್ಪೇ. ಅಲ್ಲಿ ಬೇಟೆಯಾಡಿ ಸಿಕ್ಕಿಬಿದ್ದರೆ 3ರಿಂದ 7 ವರ್ಷದವರೆಗೆ ಜೈಲು, ಜೊತೆಗೆ ದಂಡ. ಕಲಕಿದ ನೀರಿನಲ್ಲಿ ಕಂಡ ಕಪ್ಪು ನೆರಳು ಮೀನೇ ಆಗಿರಬೇಕು ಅಂತಲೂ ಇಲ್ಲ. ದಾಂಡೇಲಿ ಕಡೆ ಮೊಸಳೆ ಇವೆ, ನೀರುನಾಯಿ ಇವೆ. ಎರಡೂ ಕಾಯ್ದೆಯ ಮೊದಲ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯ ಪ್ರಾಣಿಗಳು.

ಅರಣ್ಯದ ಹೊರಗೆ ಬಂದರೆ ಬೇರೆ ಲೆಕ್ಕ. ಒಳನಾಡು ನೀರಿಗೆ ಕರ್ನಾಟಕದ್ದೇ 1996ರ ಮೀನುಗಾರಿಕೆ ಕಾಯ್ದೆ ಇದೆ. ಹೊಳೆ ಸರ್ಕಾರದ್ದು ಅಂದಮಾತ್ರಕ್ಕೆ ಮೀನು ಎಲ್ಲರದ್ದೂ ಆಗಲಿಲ್ಲ. ಹೊಳೆ, ಜಲಾಶಯದಲ್ಲಿ ಹಿಡಿಯುವುದಕ್ಕೆ ಮೀನುಗಾರಿಕೆ ಇಲಾಖೆಯ ಪರವಾನಗಿ ಇರುತ್ತದೆ, ಕೆರೆಗಳನ್ನು ಮೀನುಗಾರರ ಸಹಕಾರ ಸಂಘಗಳಿಗೆ ಗುತ್ತಿಗೆ ಕೊಡುತ್ತಾರೆ. ಅಂಬಿಗರು, ಹರಿಕಂತ್ರರು ಇದರಿಂದಲೇ ಮನೆ ನಡೆಸುವವರು. ಹಣ ಕಟ್ಟಿ ಚೀಟಿ ಪಡೆದು ಬೆಳಗಿನ ಜಾವ ಬಲೆ ಬಿಡುವವರ ಮುಂದೆ, ಪ್ರವಾಸಕ್ಕೆ ಬಂದವರು ಚೀಟಿ ಇಲ್ಲದೆ ಮೀನು ಹೊಡೆದುಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಅಮೆರಿಕದ ಮಾತು. ಅಲ್ಲಿ ಇದು ಕಟ್ಟುಪಾಡಿಲ್ಲದ ಆಟ ಅಂತ ವಿಡಿಯೋ ನೋಡಿದವರಿಗೆ ಅನ್ನಿಸುತ್ತದೆ. ಹಾಗಿಲ್ಲ. ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಸಾಮಾನ್ಯವಾಗಿ ಮೀನು ಹಿಡಿಯುವ ಲೈಸೆನ್ಸ್ ಬೇಕು. ಗಾಳಕ್ಕೆ ಅಂತ ಕಾಪಾಡಿಕೊಂಡು ಬಂದ ಬಾಸ್, ಟ್ರೌಟ್‌ನಂಥ ಮೀನಿಗೆ ಹೆಚ್ಚಿನ ಕಡೆ ಬಾಣ ಬಿಡುವ ಹಾಗಿಲ್ಲ, ಕಾರ್ಪ್, ಗಾರ್ ತರದವಕ್ಕೆ ಮಾತ್ರ. ಹೊಡೆದ ಮೀನನ್ನು ದಡದಲ್ಲಿ ಎಸೆದು ಹೋದರೆ ಹಲವು ರಾಜ್ಯಗಳಲ್ಲಿ ದಂಡ ಬೀಳುತ್ತದೆ. ಇಷ್ಟು ಬಿಗಿ ಯಾಕೆ ಅಂದರೆ, ಗಾಳಕ್ಕೆ ಮರಿ ಸಿಕ್ಕರೆ ಕೊಕ್ಕೆ ಬಿಡಿಸಿ ನೀರಿಗೆ ಬಿಡಬಹುದು, ಬಾಣ ಹೊಕ್ಕ ಮೀನನ್ನು ಬಿಟ್ಟರೂ ಅದು ಬದುಕುವುದು ಅಪರೂಪ. ಬಾಣದ ತುದಿಗೆ ಹಿಂದಕ್ಕೆ ಬಾಗಿದ ಮುಳ್ಳು ಇರುತ್ತದೆ, ಹಿಂದೆ ದಾರ ಕಟ್ಟಿರುತ್ತಾರೆ. ಎಳೆಯುವಾಗ ಮಾಂಸ ಹರಿದು ಮೀನು ತಪ್ಪಿಸಿಕೊಂಡರೂ ಯಾವುದೋ ಬಂಡೆ ಸಂದಿಯಲ್ಲಿ ಸಾಯುತ್ತದೆ. ಮೇಲಿಂದ ನೋಡಿದಾಗ ಮೀನು ಇರುವುದಕ್ಕಿಂತ ಮೇಲೆ ಕಾಣುತ್ತದೆ, ಹಾಗಾಗಿ ಕಂಡ ಜಾಗಕ್ಕಿಂತ ಕೆಳಗೆ ಗುರಿ ಇಡಬೇಕು. ಇದು ಕೈಗೆ ಹತ್ತುವವರೆಗೆ ಬಾಲಕ್ಕೋ ಹೊಟ್ಟೆಗೋ ತಾಗಿ ಗಾಯವಾಗುವುದೇ ಜಾಸ್ತಿ.

ನಮ್ಮಲ್ಲಿ ಬಾಣ ಬಿಡಬಹುದಾದ ಮೀನು, ಬಿಡಬಾರದ ಮೀನು ಅಂತ ಜನರ ಕೈಗೆ ಸಿಗುವ ಪಟ್ಟಿ ಇಲ್ಲ. ತೋಟೆ ಸಿಡಿಸುವುದು, ವಿಷ ಹಾಕುವುದು ತಪ್ಪು ಅಂತ ಬ್ರಿಟಿಷರ ಕಾಲದ 1897ರ ಕಾಯ್ದೆಯೇ ಹೇಳಿದೆ, ಹೊಂಡಕ್ಕೆ ಕಾರೆಕಾಯಿ ಕುಟ್ಟಿ ಹಾಕುವುದೂ ಅದರಲ್ಲೇ ಬಂತು. ಬಾಣದ ವಿಷಯದಲ್ಲೂ ಅಷ್ಟೇ ಖಂಡಿತವಾದ ಒಂದು ಸಾಲು ಬೇಕು ಅನ್ನುವುದು ನನ್ನ ಅಭಿಪ್ರಾಯ. ಘಟ್ಟದ ಹಳ್ಳ, ಹೊಳೆಗಳಲ್ಲಿ ಪೂರ್ತಿ ಬೇಡ. ಬೇಕಾದರೆ ಕೆಲವು ಜಲಾಶಯಗಳಲ್ಲಿ, ಹೊರಗಿಂದ ಬಂದು ತುಂಬಿಕೊಂಡಿರುವ ಜಿಲೇಬಿ (ತಿಲಾಪಿಯಾ) ಮೀನಿಗೆ ಮಾತ್ರ, ಅದೂ ಪರವಾನಗಿ ಇದ್ದವರಿಗೆ ಬಿಡಲಿ.

ನೀವು ಬರುವ ಕಾಲವೇ ನನಗೆ ದೊಡ್ಡ ಚಿಂತೆ. ಜೂನ್‌ನ ಮೊದಲ ದೊಡ್ಡ ಮಳೆಗೆ ಹೊಳೆಯ ಮೀನು ಮೇಲೆ ಹತ್ತುತ್ತದೆ, ಹತ್ತುಮೀನು ಅನ್ನುತ್ತಾರೆ. ಕೆಂಪು ನೀರು ಗದ್ದೆ ಬದುವಿನಿಂದ ಹಳ್ಳಕ್ಕೆ ಧುಮುಕುವ ಜಾಗದಲ್ಲಿ ರಾತ್ರಿ ಟಾರ್ಚ್ ಹಿಡಿದು ನೋಡಿ. ಗೇಣುದ್ದದ ಮೀನು ಮೊಣಕಾಲೂ ಮುಳುಗದ ನೀರಿನಲ್ಲಿ ಪಕ್ಕೆ ಉಜ್ಜಿಕೊಂಡು, ಅರ್ಧ ಬೆನ್ನು ಹೊರಗೆ ಹಾಕಿ ಏರುತ್ತಿರುತ್ತದೆ, ಬೆಳಕು ಬಿದ್ದರೂ ಓಡುವುದಿಲ್ಲ. ಹೊಟ್ಟೆ ಒತ್ತಿದರೆ ಮೊಟ್ಟೆ ಸುರಿಯುತ್ತದೆ. ಅದನ್ನು ಹೊಡೆಯುವುದಕ್ಕೆ ಬಿಲ್ಲೂ ಬೇಡ, ಕತ್ತಿ ಸಾಕು, ಎಷ್ಟೋ ಊರಿನಲ್ಲಿ ಜನ ಹಾಗೇ ಕಡಿಯುತ್ತಾರೆ. ಆ ಒಂದು ಮೀನಿನ ಹಿಂದೆ ಮುಂದಿನ ವರ್ಷದ ಹೊಳೆ ಇದೆ. ಸಮುದ್ರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ದಡದಲ್ಲೇ ನಿಲ್ಲುತ್ತವೆ. ಬೈತಖೋಲ, ತದಡಿ ಬಂದರಿನ ಜನ ಅಷ್ಟು ದಿನ ಆದಾಯ ಬಿಟ್ಟು ಕೂರುತ್ತಾರೆ. ಘಟ್ಟದ ಮೇಲಿನ ಹಳ್ಳಕ್ಕೆ ಅಂಥ ಕಾವಲು ಯಾರದ್ದೂ ಇಲ್ಲ. ಅಘನಾಶಿನಿಗೆ ಅಣೆಕಟ್ಟು ಇಲ್ಲದ್ದರಿಂದ ಮೀನಿಗೆ ಇನ್ನೂ ದಾರಿ ಇದೆ, ಆ ದಾರಿಯಲ್ಲೇ ನಿಂತು ಹೊಡೆಯುವುದು ನನಗೆ ಸಹಿಸಲಾಗದ ವಿಷಯ. 2024ರಲ್ಲಿ ಅದರ ಅಳಿವೆಗೆ ರಾಮ್ಸರ್ ಮಾನ್ಯತೆ, ಅಂದರೆ ಮಹತ್ವದ ಜೌಗು ಪ್ರದೇಶ ಅನ್ನುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ. ಅಳಿವೆಯ ಮೀನಿಗೆ, ಬಳಚಿಗೆ (ಕಪ್ಪೆಚಿಪ್ಪಿಗೆ) ಮೇಲಿಂದ ಹರಿದು ಬರುವ ಸಿಹಿನೀರೂ ಬೇಕು.

ಕಾಳಿ ನದಿಯಲ್ಲಿ ಕದ್ರಾ ಅಣೆಕಟ್ಟಿನ ಕೆಳಗೆ, ಗಣೇಶಗುಡಿ ಹತ್ತಿರ ದೋಣಿ ಮೇಲೋ ಬಂಡೆ ಮೇಲೋ ನಿಲ್ಲುವ ಯೋಚನೆ ಇದ್ದರೆ ಇನ್ನೊಂದು ಮಾತು. ಮೇಲೆ ವಿದ್ಯುತ್ತಿಗೆ ನೀರು ಬಿಟ್ಟಾಗ ಹೊಳೆ ಸ್ವಲ್ಪ ಹೊತ್ತಿನಲ್ಲೇ ಏರುತ್ತದೆ, ಮಳೆ ಇಲ್ಲದ ದಿನವೂ.

ಮೀನು ಹಿಡಿಯಲೇಬೇಕು ಅಂತಿದ್ದರೆ ಅಕ್ಟೋಬರ್ ಕಳೆದ ಮೇಲೆ ಬನ್ನಿ, ಗಾಳ ತನ್ನಿ. ಹೋಗುವ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಜಾಗದ ಹೆಸರು ಹೇಳಿ, ಅಲ್ಲಿ ಪರವಾನಗಿ ಬೇಕಾ, ಗುತ್ತಿಗೆ ಯಾರಿಗಿದೆ ಅಂತ ಕೇಳಿ. ಕಾಡಿನ ಹತ್ತಿರದ ಜಾಗವಾದರೆ ವಲಯ ಅರಣ್ಯಾಧಿಕಾರಿಗಳನ್ನೂ ಕೇಳಬೇಕು. ಬಾಯಿಮಾತಿನಲ್ಲಿ ಆಗಲಿ ಅಂದರೆ ನಂಬಿಕೊಂಡು ಹೋಗಬೇಡಿ, ಬರೆದು ಕೊಡಿ ಅನ್ನಿ.