ಎರಡೂವರೆ ಅಡಿ ಮೇಜಿಗೆ ಝಡ್ ಸ್ಕೇಲೇ ಸರಿ

ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ಮೇಜಿದೆ, ಅದರ ಮೇಲೆ ಮಾದರಿ ರೈಲು (ನಿಜವಾದ ರೈಲಿನ ಪುಟ್ಟ ಪ್ರತಿರೂಪ) ಓಡಿಸಲು ಝಡ್ ಸ್ಕೇಲ್ ಅನ್ನೋ ಅಳತೆಯದು ತಗೊಳ್ಳೋದಾ, ಇನ್ನೂ ಚಿಕ್ಕದಾದ ಟಿ ಗೇಜ್ ತಗೊಳ್ಳೋದಾ ಅಂತ ಕೇಳಿದ್ದೀರಿ. ಕಣ್ಣು ಮುಚ್ಚಿಕೊಂಡು ಝಡ್ ತಗೊಳ್ಳಿ. ಟಿ ಗೇಜ್ ಅಂದರೆ 1:450, ಅಂದರೆ ನಿಜವಾದ ರೈಲಿನ 450ರಲ್ಲಿ ಒಂದು ಪಾಲು, ಹಳಿಗಳ ನಡುವೆ ಬರೀ 3 ಮಿಲಿಮೀಟರ್. ಮುದ್ದಾಗಿದೆ, ಆದರೆ ಹೊಸಬರಿಗೆ ಬೋಗಿಯನ್ನು ಹಳಿ ಮೇಲೆ ಕೂರಿಸೋದೇ ಕಷ್ಟ. ಗಾಡಿಗಳ ಆಯ್ಕೆಯೂ ಕಡಿಮೆ. ಝಡ್ 1:220, ಹಳಿ ಅಂತರ 6.5 ಮಿಲಿಮೀಟರ್. ಜರ್ಮನಿಯ ಮಾರ್ಕ್ಲಿನ್ ಕಂಪನಿ 1972ರಲ್ಲಿ ಶುರು ಮಾಡಿದ್ದು, ಹಾಗಾಗಿ ಹಳೇ ಸಾಮಾನೂ ಸಿಗುತ್ತದೆ.

ತಿರುವಿಗೆ 195 ಮಿಲಿಮೀಟರ್ ತ್ರಿಜ್ಯದ ಹಳಿ ಆರಿಸಿ. ವೃತ್ತದ ವ್ಯಾಸ 39 ಸೆಂಟಿಮೀಟರ್ ಆಗುತ್ತದೆ, ನಿಮ್ಮ ಮೇಜಿನ ಅಗಲದಲ್ಲಿ ಎರಡೂ ಕಡೆ ಸುಮಾರು ಎರಡು ಬೆರಳಿನಷ್ಟು ಜಾಗ ಉಳಿಯುತ್ತದೆ. 145ರದ್ದೂ ಇದೆ, ಆದರೆ ಉದ್ದದ ಬೋಗಿಗಳು ಅದರ ಮೇಲೆ ಚೆನ್ನಾಗಿ ಕಾಣಲ್ಲ.

ಹಳಿಗೆ ಕರೆಂಟ್ ಕೊಟ್ಟು ವೇಗ ಹೊಂದಿಸುವ ಕಂಟ್ರೋಲರ್ ವಿಷಯದಲ್ಲಿ ಜಾಗ್ರತೆ. ಮಾರ್ಕ್ಲಿನ್ ಝಡ್ ಎಂಜಿನ್‌ಗಳಿಗೆ 10 ವೋಲ್ಟ್ ಡಿಸಿ ಮಿತಿ. ಝಡ್‌ಗಿಂತ ದೊಡ್ಡದಾದ ಎನ್ ಸ್ಕೇಲಿನ 12 ವೋಲ್ಟಿನ ಕಂಟ್ರೋಲರ್ ಹಾಕಬೇಡಿ, ಮೋಟಾರ್ ಸುಟ್ಟುಹೋಗಬಹುದು.

ನಿಜವಾದ ಶತ್ರು ಧೂಳು. ಎಂಜಿನ್ ತುಂಬಾ ಹಗುರ, ಚಕ್ರದ ಕೆಳಗೆ ಒಂದು ಕೂದಲೆಳೆ ಸಿಕ್ಕರೂ ಕರೆಂಟ್ ತಪ್ಪಿ ಗಾಡಿ ತೊದಲುತ್ತದೆ, ನಿಂತೇ ಬಿಡುತ್ತದೆ. ಓಡಿಸುವ ಮುಂಚೆ ಹತ್ತಿ ಬಟ್ಟೆಗೆ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳಿ ಒರೆಸಿ. ಬಟ್ಟೆ ಮೇಲೆ ಕಪ್ಪು ಗೆರೆ ಬರುವುದು ನಿಲ್ಲುವವರೆಗೂ ಒರೆಸಬೇಕು. ಉಪ್ಪುಕಾಗದ ಮಾತ್ರ ಬೇಡ, ಅದರ ಗೀರುಗಳಲ್ಲೇ ಕೊಳೆ ಇನ್ನೂ ಜಾಸ್ತಿ ಕೂರುತ್ತದೆ. ಎಂಜಿನ್‌ಗೆ ಎಣ್ಣೆ ಬಿಡುವಾಗ ಸೂಜಿ ಮೊನೆಯಲ್ಲಿ ನಿಲ್ಲುವಷ್ಟೇ ಸಾಕು.

ಮೊದಲಿಗೆ ಒಂದು ಸ್ಟಾರ್ಟರ್ ಸೆಟ್ ತಗೊಳ್ಳಿ. ಪಾಯಿಂಟ್ಸ್ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಹಳಿ), ಸಿಗ್ನಲ್ ಎಲ್ಲಾ ಆಮೇಲೆ ನೋಡಿಕೊಳ್ಳಬಹುದು.