ಎರಡನೇ ಸಂಬಂಧ ಅಂದಾಗ ಕೌಂಟಿ ಕೋರ್ಟಿನ ಕಾಗದ ನೋಡಿ

ನಮಸ್ಕಾರ. ದಾವಣಗೆರೆಯಲ್ಲಿರುವ ನಿಮ್ಮ ತಂಗಿಗೆ ಟೆಕ್ಸಸ್‌ನ ಫ್ರಿಸ್ಕೋದಲ್ಲಿರುವ ಹುಡುಗನ ಸಂಬಂಧ ಬಂದಿದೆ, ಅವನಿಗಿದು ಎರಡನೇ ಮದುವೆ ಅಂತ ಬರೆದಿದ್ದೀರಿ. 2019ರಲ್ಲೇ ಡೈವೋರ್ಸ್ ಆಗಿದೆ ಎಂದು ವಾಟ್ಸಾಪಿನಲ್ಲಿ ಒಂದು ಪುಟದ ಫೋಟೋ ಕಳಿಸಿದ್ದಾರೆ. 'ನೀನು ಅಲ್ಲೇ ಇದ್ದೀಯಲ್ಲ, ವಿಚಾರಿಸು' ಅಂತ ಮನೆಯವರು ನಿಮ್ಮ ಮೇಲೆ ಹಾಕಿದ್ದಾರೆ. ನೀವೋ ಈಗಷ್ಟೇ ಇಲ್ಲಿಗೆ ಬಂದವರು. ಎಲ್ಲಿ ವಿಚಾರಿಸಬೇಕು, ವಿಚಾರಿಸಿದರೆ ತಪ್ಪಾಗುತ್ತದಾ ಅಂತ ಕೇಳಿದ್ದೀರಿ.

ತಪ್ಪೇನೂ ಇಲ್ಲ. ಊರಲ್ಲಾದರೆ ನಾಲ್ಕು ಕಡೆ ವಿಚಾರಿಸದೆ ಹೆಣ್ಣು ಕೊಡುತ್ತೇವಾ? ಇಲ್ಲಿ ಪಕ್ಕದ ಮನೆಯವರಿಗೆ ಹುಡುಗನ ಹೆಸರೂ ಗೊತ್ತಿರುವುದಿಲ್ಲ. ಹಾಗಾಗಿ ಕೋರ್ಟಿನ ಕಡತವನ್ನೇ ಕೇಳಬೇಕು. ಟೆಕ್ಸಸ್‌ನಲ್ಲಿ ಡೈವೋರ್ಸ್ ಕೇಸು ಸಾಮಾನ್ಯವಾಗಿ ಸಾರ್ವಜನಿಕ ದಾಖಲೆ. ನೀವು ಹುಡುಗನ ಸಂಬಂಧಿಕರೇ ಆಗಿರಬೇಕು ಅಂತೇನಿಲ್ಲ.

ದುಡ್ಡು ಕಟ್ಟಿದರೆ ಯಾರ ಹಿನ್ನೆಲೆ ಬೇಕಾದರೂ ಹೇಳುತ್ತೇವೆ ಅನ್ನುವ ವೆಬ್‌ಸೈಟುಗಳ ಹತ್ತಿರ ಮಾತ್ರ ಹೋಗಬೇಡಿ. ಒಂದೇ ಹೆಸರಿನ ಇಬ್ಬರನ್ನು ಬೆರೆಸಿಬಿಡುತ್ತವೆ. ಅಮೆರಿಕಕ್ಕೆಲ್ಲ ಸೇರಿ ಡೈವೋರ್ಸಿನ ಒಂದೇ ಪಟ್ಟಿ ಅನ್ನುವುದು ಇಲ್ಲವೇ ಇಲ್ಲ. ಫೆಡರಲ್ ಕೋರ್ಟಿನಲ್ಲೂ ಇದು ಸಿಗುವುದಿಲ್ಲ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ, ಕೇಸು ಎಲ್ಲಿ ನಡೆಯಿತೋ ಆ ಕೌಂಟಿಯಲ್ಲೇ ಕಡತ ಇರುತ್ತದೆ.

ಆ ಕೌಂಟಿ ಯಾವುದು ಅನ್ನುವುದೇ ನಿಮ್ಮ ಮೊದಲ ಕೆಲಸ. ಹುಡುಗ ಈಗ ಎಲ್ಲಿದ್ದಾನೆ ಅಂತ ನೋಡಬೇಡಿ, ಕೇಸು ಹಾಕಿದಾಗ ಎಲ್ಲಿದ್ದ ಅಂತ ಕೇಳಿ. ಟೆಕ್ಸಸ್‌ನಲ್ಲಿ ಡೈವೋರ್ಸ್‌ಗೆ ಅರ್ಜಿ ಹಾಕಬೇಕಾದರೆ ಗಂಡ ಹೆಂಡತಿಯಲ್ಲಿ ಒಬ್ಬರಾದರೂ ರಾಜ್ಯದಲ್ಲಿ 6 ತಿಂಗಳು, ಆ ಕೌಂಟಿಯಲ್ಲಿ 90 ದಿನ ವಾಸ ಮಾಡಿರಬೇಕು. ಆಗ ಅರ್ವಿಂಗ್‌ನ ಅಪಾರ್ಟ್‌ಮೆಂಟಿನಲ್ಲಿದ್ದರೆ ಕಡತ ಡಾಲಸ್ ಕೌಂಟಿಯಲ್ಲಿರಬಹುದು. ಫ್ರಿಸ್ಕೋದಲ್ಲೇ ಇದ್ದರೂ ಒಂದು ತೊಡಕಿದೆ. ಆ ಊರು ಅರ್ಧ ಕಾಲಿನ್ ಕೌಂಟಿ, ಅರ್ಧ ಡೆಂಟನ್ ಕೌಂಟಿ ಅನ್ನುವ ಹಾಗೆ ಎರಡರಲ್ಲೂ ಹರಡಿಕೊಂಡಿದೆ. ಎರಡೂ ಕಡೆ ಹುಡುಕಿ. ಮೊದಲ ಹೆಂಡತಿ ಬೇರೆ ಊರಿಗೆ ಹೋಗಿ ಅಲ್ಲಿಂದ ಕೇಸು ಹಾಕಿರಲೂಬಹುದು.

ಇನ್ನೊಂದು ವಿಷಯಕ್ಕೆ ಹೊಸಬರು ತುಂಬಾ ಜನ ಸುಮ್ನೆ ಅಲೆಯುತ್ತಾರೆ. ಕೌಂಟಿ ಕ್ಲರ್ಕ್ ಬೇರೆ, ಡಿಸ್ಟ್ರಿಕ್ಟ್ ಕ್ಲರ್ಕ್ ಬೇರೆ. ಮದುವೆ ಲೈಸೆನ್ಸು, ಮನೆ-ಜಮೀನಿನ ಪತ್ರ ಇರುವುದು ಕೌಂಟಿ ಕ್ಲರ್ಕ್ ಹತ್ತಿರ. ಟೆಕ್ಸಸ್‌ನಲ್ಲಿ ಡೈವೋರ್ಸ್ ಕಡತಕ್ಕೆ ಕೇಳಬೇಕಾದ್ದು ಡಿಸ್ಟ್ರಿಕ್ಟ್ ಕ್ಲರ್ಕ್ ಆಫೀಸನ್ನು. ಕಾಲಿನ್ ಕೌಂಟಿಯದು ಮೆಕಿನಿಯಲ್ಲಿದೆ, ಡೆಂಟನ್‌ನದು ಡೆಂಟನ್ ಊರಲ್ಲೇ ಇದೆ. ದೊಡ್ಡ ಕೌಂಟಿಗಳ ಕೇಸುಗಳನ್ನು ಹೆಸರು ಹಾಕಿ ಆನ್‌ಲೈನಿನಲ್ಲೇ ಹುಡುಕಬಹುದು. ಕಾಗದಗಳೆಲ್ಲ ಅಲ್ಲಿ ಕಾಣುತ್ತವೆ ಅಂತಲ್ಲ. ಕೇಸು ಇದೆಯೋ ಇಲ್ಲವೋ, ಏನಾಯಿತು ಅನ್ನುವುದಷ್ಟು ಸಿಕ್ಕರೂ ಸಾಕು.

ಹುಡುಕುವಾಗ ನಮ್ಮ ಹೆಸರುಗಳೇ ಕೈಕೊಡುತ್ತವೆ. ಅಪ್ಪನ ಹೆಸರು, ಊರಿನ ಹೆಸರು, ಇನಿಷಿಯಲ್ಲು, ಯಾವುದು ಸರ್‌ನೇಮ್ ಆಗಿ ಕೂತಿದೆಯೋ ಹೇಳಲಾಗುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ವೀಸಾದಲ್ಲಿ ಇಡೀ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಕಡೆ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಅಂತ ಬಿದ್ದಿರುತ್ತದೆ. ಅದೇ ಕೋರ್ಟಿಗೂ ಹೋಗಿರಬಹುದು. ಹೆಸರನ್ನು ಹಿಂದೆ ಮುಂದೆ ಮಾಡಿ ನೋಡಿ. ಮೊದಲ ಹೆಂಡತಿಯ ಹೆಸರಿನಿಂದಲೂ ಹುಡುಕಿ. ಎಷ್ಟೋ ಸಲ ಕೇಸು ಸಿಗುವುದು ಆ ಹೆಸರಿನಲ್ಲೇ.

ಕೇಸ್ ನಂಬರ್ ಸಿಕ್ಕಿತು ಅಂತ ತಕ್ಷಣ ಊರಿಗೆ ಫೋನ್ ಮಾಡಬೇಡಿ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹೀಗೇ ಆಯಿತು. ಹುಡುಗನ ಹೆಸರು ಹಾಕಿದರು, ಡೈವೋರ್ಸ್ ಕೇಸು ಅಂತ ಬಂತು, ವರ್ಷವೂ ಹೊಂದಿತು. ಎಲ್ಲರಿಗೂ ಸಮಾಧಾನವಾಗಿ ಛತ್ರ ನೋಡುವುದಕ್ಕೂ ಶುರುಮಾಡಿದರು. ಕೆಳಗಿನ ಸಾಲನ್ನು ಯಾರೂ ಓದಿರಲಿಲ್ಲ. ಅಲ್ಲಿ 'ನಾನ್‌ಸೂಟ್' ಅಂತ ಇತ್ತು. ಅಂದರೆ ಅರ್ಜಿ ಹಾಕಿದವರೇ ಅದನ್ನು ವಾಪಸ್ ತೆಗೆದುಕೊಂಡಿದ್ದರು. ಡೈವೋರ್ಸೇ ಆಗಿರಲಿಲ್ಲ. 'ಡಿಸ್ಮಿಸ್ಡ್ ಫಾರ್ ವಾಂಟ್ ಆಫ್ ಪ್ರಾಸಿಕ್ಯೂಶನ್' ಅಂತಿದ್ದರೂ ಅಷ್ಟೇ, ಯಾರೂ ಮುಂದುವರಿಸಲಿಲ್ಲ ಅಂತ ಕೋರ್ಟು ಕೇಸನ್ನು ಮುಚ್ಚಿದೆ. ನಿಮಗೆ ಕಾಣಬೇಕಾದ್ದು 'ಫೈನಲ್ ಡಿಕ್ರಿ ಆಫ್ ಡೈವೋರ್ಸ್', ಅಂದರೆ ಡೈವೋರ್ಸ್ ಆಯಿತು ಅಂತ ಜಡ್ಜ್ ಸಹಿ ಮಾಡಿದ ಕೊನೆಯ ಆದೇಶ. ಕೇಸ್ ನಂಬರಿನಲ್ಲಿರುವ ವರ್ಷವನ್ನು ನಂಬಿಕೊಂಡು ಕೂರಬೇಡಿ. ಡಾಲಸ್ ಕೌಂಟಿಯಲ್ಲಿ ನಂಬರು 'ಡಿಎಫ್-19' ಅಂತ ಶುರುವಾದರೆ 2019ರಲ್ಲಿ ಅರ್ಜಿ ಬಿತ್ತು ಅಂತ ಅರ್ಥ, ಮುಗಿಯಿತು ಅಂತಲ್ಲ.

ವಾಟ್ಸಾಪಿನ ಆ ಒಂದು ಪುಟ ಸಾಲದು. ಮೊದಲ ಪುಟದಲ್ಲಿ ಹೆಸರುಗಳಿರುತ್ತವೆ, ಜಡ್ಜ್ ಸಹಿ ಮತ್ತು ತಾರೀಖು ಇರುವುದು ಕೊನೆಯಲ್ಲಿ. ಪೂರ್ತಿ ಡಿಕ್ರಿ ಬೇಕು. ಅರ್ಜಿ ಬಿದ್ದ ದಿನಕ್ಕೂ ಡಿಕ್ರಿಗೂ ನಡುವೆ ಕನಿಷ್ಠ 60 ದಿನ ಇರಬೇಕು ಅನ್ನುವುದು ಟೆಕ್ಸಸ್ ಕಾನೂನು. ಮನೆಯಲ್ಲಿ ಹಿಂಸೆ ನಡೆದಂಥ ಕೆಲವು ಕೇಸುಗಳಿಗೆ ಮಾತ್ರ ವಿನಾಯಿತಿ. ಅದಕ್ಕಿಂತ ಬೇಗ ಮುಗಿದಿದ್ದರೆ ಯಾಕೆ ಅಂತ ಕೇಳಲೇಬೇಕು.

ಆಸ್ಟಿನ್‌ನಲ್ಲಿರುವ ರಾಜ್ಯದ ಆರೋಗ್ಯ ಇಲಾಖೆ 1968ರಿಂದ ಈಚಿನ ಡೈವೋರ್ಸ್‌ಗಳಿಗೆ 20 ಡಾಲರಿಗೆ ಒಂದು ವೆರಿಫಿಕೇಶನ್ ಪತ್ರ ಕೊಡುತ್ತದೆ. ಯಾವ ಕೌಂಟಿ ಅಂತ ಗೊತ್ತಾಗದಿದ್ದಾಗ ಉಪಯೋಗಕ್ಕೆ ಬರುತ್ತದೆ. ಆದರೆ ಅದು ಡಿಕ್ರಿಯ ಬದಲಿಗೆ ನಡೆಯುವುದಿಲ್ಲ. ಮೊಹರು ಹಾಕಿದ ಸರ್ಟಿಫೈಡ್ ಕಾಪಿ ಬೇಕಾದರೆ ಡಿಸ್ಟ್ರಿಕ್ಟ್ ಕ್ಲರ್ಕ್ ಹತ್ತಿರವೇ ಹೋಗಬೇಕು.

ಟೆಕ್ಸಸ್ ಅಲ್ಲದಿದ್ದರೆ ನಿಯಮ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಆಯಾ ಕೌಂಟಿಯ ಸುಪೀರಿಯರ್ ಕೋರ್ಟ್ ಕೇಳಬೇಕು. ನ್ಯೂಯಾರ್ಕ್‌ನಲ್ಲಿ ಡೈವೋರ್ಸ್ ಕಡತ ಹೊರಗಿನವರಿಗೆ ತೋರಿಸುವುದೇ ಇಲ್ಲ, ಗಂಡ ಹೆಂಡತಿ ಅಥವಾ ಅವರ ವಕೀಲರಿಗೆ ಮಾತ್ರ. ವಾಷಿಂಗ್ಟನ್ ರಾಜ್ಯದಲ್ಲಿ ಸಿಯಾಟಲ್‌ನವರೂ ದೂರದ ಲಿಂಕನ್ ಕೌಂಟಿಗೆ ಅಂಚೆಯಲ್ಲೇ ಕಾಗದ ಕಳಿಸಿ ಡೈವೋರ್ಸ್ ಪಡೆಯಬಹುದು, ಹಾಗಾಗಿ ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ ಸಿಗಲಿಲ್ಲ ಅಂತ ಹುಡುಗನನ್ನು ಸುಳ್ಳುಗಾರ ಅನ್ನಬಾರದು. ಇಲ್ಲಿದ್ದುಕೊಂಡೇ ಊರಿನ ಫ್ಯಾಮಿಲಿ ಕೋರ್ಟಿನಲ್ಲಿ ಪರಸ್ಪರ ಒಪ್ಪಿಗೆಯಿಂದ ಬಿಡುಗಡೆ ಪಡೆದವರೂ ಇದ್ದಾರೆ. ಅದನ್ನು ಭಾರತದ ಕೋರ್ಟುಗಳ ವೆಬ್‌ಸೈಟಾದ ಇ-ಕೋರ್ಟ್ಸ್‌ನಲ್ಲಿ ಹುಡುಕಬೇಕು.

ಈಗ ನಮ್ಮವರು ಜಾಸ್ತಿ ಮರೆಯುವ ಮಾತು. ಇಲ್ಲಿಯ ಡಿಕ್ರಿ ಇಲ್ಲಿ ಸರಿ, ಭಾರತದಲ್ಲೂ ನಡೆಯುತ್ತದಾ? 1975ರಲ್ಲಿ ತಿರುಪತಿಯಲ್ಲಿ ಮದುವೆಯಾದ ಒಂದು ಜೋಡಿಯ ಕೇಸಿನಲ್ಲಿ, ಗಂಡ ಮಿಸೌರಿಯ ಸೇಂಟ್ ಲೂಯಿಸ್ ಕೌಂಟಿಯ ಕೋರ್ಟಿನಿಂದ ಡೈವೋರ್ಸ್ ತಂದು ಭಾರತದಲ್ಲಿ ಇನ್ನೊಂದು ಮದುವೆಯಾದ. ಮೊದಲ ಹೆಂಡತಿ ದೂರು ಕೊಟ್ಟರು. 1991ರಲ್ಲಿ ಭಾರತದ ಸುಪ್ರೀಂ ಕೋರ್ಟು ಆ ಡಿಕ್ರಿಯನ್ನು ಒಪ್ಪಲಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಇಲ್ಲದ ಕಾರಣಕ್ಕೆ, ಹೆಂಡತಿ ಆ ಕೋರ್ಟಿನ ಅಧಿಕಾರ ಒಪ್ಪದೆ ಇದ್ದಾಗ ಕೊಟ್ಟ ಡಿಕ್ರಿ ಭಾರತದಲ್ಲಿ ನಿಲ್ಲುವುದಿಲ್ಲ ಅಂದಿತು. ಬರೀ ಫೋಟೋಕಾಪಿ ತಂದಿದ್ದಕ್ಕೂ ತಕರಾರು ತೆಗೆಯಿತು.

ಹಾಗಾಗಿ ಡಿಕ್ರಿ ಕೈಗೆ ಬಂದಾಗ ಹೆಂಡತಿ ಕೋರ್ಟಿಗೆ ಬಂದಿದ್ದರಾ ಅಂತ ನೋಡಿ. ಇಬ್ಬರೂ ಒಪ್ಪಿ ಕೊನೆಯಲ್ಲಿ ಸಹಿ ಮಾಡಿದ್ದರೆ ಒಳ್ಳೆಯದು. ನೋಟಿಸ್ ಹೋದರೂ ಬರಲಿಲ್ಲ, 'ಡಿಫಾಲ್ಟ್' ಅಂತ ಬರೆದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ. ಮದುವೆ ದಿನ ಗೊತ್ತು ಮಾಡುವ ಮುಂಚೆ ದಾವಣಗೆರೆಯಲ್ಲೇ ಒಬ್ಬ ಒಳ್ಳೆಯ ವಕೀಲರಿಗೆ ತೋರಿಸಿ. ಮೊದಲ ಮದುವೆ ಭಾರತದ ಕಾನೂನಿನ ಲೆಕ್ಕದಲ್ಲಿ ಉಳಿದುಕೊಂಡಿದ್ದರೆ ನಿಮ್ಮ ತಂಗಿಯ ಮದುವೆಯೇ ಅಸಿಂಧು. ಆ ಕಷ್ಟ ಯಾವ ಹೆಣ್ಣುಮಗಳಿಗೂ ಬೇಡ. ಸರ್ಟಿಫೈಡ್ ಕಾಪಿಗೆ ಟೆಕ್ಸಸ್ ಸೆಕ್ರೆಟರಿ ಆಫ್ ಸ್ಟೇಟ್ ಆಫೀಸಿನಿಂದ ಅಪೋಸ್ಟಿಲ್ (ಕಾಗದ ಅಸಲಿ ಅಂತ ಬೇರೆ ದೇಶಗಳೂ ಒಪ್ಪುವ ದೃಢೀಕರಣ) ಹಾಕಿಸಿ ಇಟ್ಟುಕೊಳ್ಳಿ. ಇದರ ಅಂತರರಾಷ್ಟ್ರೀಯ ಒಪ್ಪಂದ ಭಾರತದಲ್ಲಿ 2005ರಿಂದಲೇ ಜಾರಿಯಲ್ಲಿದೆ.

ಇಷ್ಟೆಲ್ಲ ಹೇಳಿದೆ, ಆದರೆ ನನ್ನ ಕೇಳಿದರೆ ಮೊದಲು ಹುಡುಗನನ್ನೇ ನೇರವಾಗಿ ಕೇಳಿ. 'ಪೂರ್ತಿ ಡಿಕ್ರಿ ಕಳಿಸಿ, ಕೌಂಟಿ ಮತ್ತು ಕೇಸ್ ನಂಬರ್ ಹೇಳಿ' ಅನ್ನಿ. ಮುಂದೆ ಹೆಂಡತಿಯ ವೀಸಾಕ್ಕೆ, ಗ್ರೀನ್ ಕಾರ್ಡಿಗೆ ಅವನು ಆ ಕಾಗದ ತೋರಿಸಲೇಬೇಕಾಗಬಹುದು, ಈಗಲೇ ಕೊಟ್ಟರೆ ಅವನಿಗೇನೂ ನಷ್ಟವಿಲ್ಲ. ನೆಟ್ಟಗಿರುವ ಹುಡುಗನಾದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಅವನು ಕೊಟ್ಟ ನಂಬರನ್ನು ಕೌಂಟಿಯಲ್ಲಿ ಹಾಕಿ ತಾಳೆ ನೋಡಿ. ಡಿಕ್ರಿಯಲ್ಲಿ ಮೊದಲ ಹೆಂಡತಿಯ ಆಸ್ತಿ, ಮಕ್ಕಳ ವಿವರ ಎಲ್ಲ ಇರುತ್ತದೆ. ಅದನ್ನು ನೆಂಟರ ಗ್ರೂಪಿಗೆ ಹಾಕಬೇಡಿ, ನಿಮ್ಮ ತಂಗಿ, ಅಪ್ಪ ಅಮ್ಮ ಮತ್ತು ವಕೀಲರು ನೋಡಿದರೆ ಸಾಕು.

ಕೇಸು ಸಿಕ್ಕಿ ಅಲ್ಲಿರುವ ಸಾಲುಗಳು ಅರ್ಥವಾಗದಿದ್ದರೆ, ಹೆಸರು ತೆಗೆದು ಆ ಸಾಲುಗಳನ್ನಷ್ಟೇ ನನಗೆ ಬರೆಯಿರಿ. ಏನು ಅಂತ ಹೇಳುತ್ತೇನೆ.