ಪ್ರಿಂಟ್ ಅಂದ್ರೆ ಜೆರಾಕ್ಸ್ ಅಲ್ಲ

ಕಲಬುರಗಿಯ ಪ್ರದರ್ಶನದಲ್ಲಿ ಒಬ್ಬರೇ ಕಲಾವಿದರ ಪೆನ್ಸಿಲ್ ಚಿತ್ರ, ತೈಲವರ್ಣ, ಪ್ರಿಂಟ್ ಮೂರೂ ನೋಡಿದ್ದೀರಿ. ಪ್ರಿಂಟಿನ ಕೆಳಗೆ 4/15 ಅಂತಿತ್ತು, ಅದು ನಕಲಾ ಅಂತ ಕೇಳಿದ್ದೀರಿ. ಅಲ್ಲ ಸರ್. ಒಂದೇ ತಗಡಿನಿಂದಲೋ ಹಲಗೆಯಿಂದಲೋ ತೆಗೆದ 15 ಪ್ರತಿಗಳಲ್ಲಿ ಅದು ನಾಲ್ಕನೆಯದು. ಹದಿನೈದೂ ಮೂಲವೇ.

ಬೀದರಿನಲ್ಲಿ ಬಿದ್ರಿ ಕೆಲಸ ನೋಡಿದ್ದೀರಲ್ವಾ? ಉಳಿಯಿಂದ ಲೋಹದಲ್ಲಿ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ. ತಾಮ್ರದ ತಗಡಿನ ಪ್ರಿಂಟಿನಲ್ಲಿ ಆ ಗೆರೆಗೆ ಬೆಳ್ಳಿ ಬದಲು ಶಾಯಿ. ಮೇಲೆ ಉಳಿದ ಶಾಯಿ ಒರೆಸಿ, ಒದ್ದೆ ಕಾಗದ ಹಾಸಿ, ಪ್ರೆಸ್ಸಿನಲ್ಲಿ ಜೋರಾಗಿ ಒತ್ತುತ್ತಾರೆ. ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ತಗಡಿನ ಅಂಚು ಒತ್ತಿದ ತಗ್ಗು ಕಾಣುತ್ತದೆ.

ಮರದ ಹಲಗೆ, ಲಿನೋ (ಕೊರೆಯಲು ಮೆತ್ತಗಿರುವ ಲಿನೋಲಿಯಂ ಹಾಳೆ) ಆದರೆ ಲೆಕ್ಕ ಉಲ್ಟಾ, ಶಾಯಿ ಹತ್ತುವುದು ಕೊರೆಯದೆ ಬಿಟ್ಟ ಮೇಲ್ಭಾಗಕ್ಕೆ. ಕೊರೆದದ್ದು ಬಿಳಿ, ಬಿಟ್ಟದ್ದು ಕಪ್ಪು. ನಾನು ಮೊದಲ ಸಲ ಲಿನೋದಲ್ಲಿ ಸಹಿಯನ್ನು ಸುಮ್ನೆ ನೇರವಾಗಿ ಕೊರೆದು, ಕಾಗದದ ಮೇಲೆ ಕನ್ನಡಿಯಲ್ಲಿ ಓದುವ ಹಾಗಾಗಿತ್ತು!

ಡಚ್ ಕಲಾವಿದ ರೆಂಬ್ರಾಂಟ್ (1606–1669) ಕೂಡ ರೇಖಾಚಿತ್ರ, ತೈಲವರ್ಣ, ಪ್ರಿಂಟ್ ಮೂರನ್ನೂ ಮಾಡಿದವನು. ಎಚಿಂಗ್‌ಗಳೇ (ಆಮ್ಲದಿಂದ ಗೆರೆ ಕೊರೆದ ತಗಡಿನ ಪ್ರಿಂಟ್) ಸುಮಾರು 300. ಪ್ರತಿಗಳನ್ನು ತೆಗೆಯುವ ನಡುವೆ ತಗಡು ಕೆರೆದು ಮತ್ತೆ ಗೆರೆ ಹಾಕುತ್ತಿದ್ದ. ಹಾಗಾಗಿ ಒಂದೇ ತಗಡಿನ ಪ್ರತಿಗಳೂ ಕೆಲವೊಮ್ಮೆ ಬೇರೆ ಬೇರೆ ಕಾಣುತ್ತವೆ.

ಕೊಳ್ಳುವ ಮನಸ್ಸಿದ್ದರೆ ನಂಬರಿನ ಪಕ್ಕ ಪೆನ್ಸಿಲ್ ಸಹಿ ಇದೆಯಾ ನೋಡಿಕೊಳ್ಳಿ.